ಗಂಟು ಕಟ್ಟುವ ಅಕ್ಕ

ಅವಳ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆಯಬೇಡ ಎಂದು ಅವಳೇ ಹೇಳಿದ್ದಳು. "ಕೋರ್ಟು ಕಾಗ್ದದಾಗೆ ನನ್ ಹೆಸ್ರು ಬರ್ದು ಬರ್ದು ಸವ್ದೋಯ್ತು. ಇನ್ನು ನೀನೊಬ್ಬ ಬರೀಬೇಡ ತಂಬಿ" ಎಂದು ನಕ್ಕಿದ್ದಳು. ಕೊಯಮತ್ತೂರಿನ ಕಡೆಯ ನಮ್ಮ ಕನ್ನಡ ನೇಕಾರರ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೂ ಇರಲಿಲ್ಲ. ದೊಡ್ಡವರಿಗೆ, ಚಿಕ್ಕವರಿಗೆ, ಹಾಲಿನವನಿಗೆ, ಎಲ್ಲರಿಗೂ ಅವಳು ಅಕ್ಕ. ಹೋದ ಆಡಿ ತಿಂಗಳ ಅಮಾವಾಸ್ಯೆಯ ಮಾರನೇ ದಿನ ತೀರಿಕೊಂಡಳು. ಅಮಾವಾಸ್ಯೆಯ ದಿನ ನಮ್ಮಲ್ಲಿ ಮಗ್ಗ ಮುಟ್ಟುವುದಿಲ್ಲ. ಆ ರಜೆಯನ್ನು ಪೂರಾ ಅನುಭವಿಸಿ, ಮಾರನೇ ಬೆಳಿಗ್ಗೆ ಬೀದಿಯ ಮಗ್ಗಗಳೆಲ್ಲ ಸದ್ದು ಮಾಡಲು ಶುರು ಮಾಡಿದ ಮೇಲೆ ಹೋದಳು. ಇನ್ನೊಬ್ಬರ ಕೆಲಸ ಕೆಡಿಸುವುದು ಅವಳ ಜಾಯಮಾನವಲ್ಲ, ಆದರೆ ಅವತ್ತು ಎಲ್ಲರ ಕೆಲಸವೂ ನಿಂತಿತು.

ನಾನು ವ್ಯಾಪಾರಿ. ಹೆಗಲ ಮೇಲೆ ಸೀರೆಯ ಮೂಟೆ ಹೊತ್ತು ತೊಂಡಾಮುತ್ತೂರಿನ ಕಡೆಯ ತೋಟದ ಮನೆಗಳ ಬಾಗಿಲು ಬಡಿದು ಮೇಲೆ ಬಂದವನು. ಮೈಸೂರಿನ ಅಂಗಡಿಗಳಿಗೆ ಸರಕು ಹಾಕತೊಡಗಿದಾಗ ಅವರ ಕಾಗದ ಓದಲು ಬರಲಿ ಎಂದು ಕನ್ನಡ ಅಕ್ಷರ ಕಲಿತೆ. ಅಲ್ಲಿಯವರೆಗೆ ಬೀದಿಯ ಎಲ್ಲರ ಹಾಗೆ ನನಗೂ ಕನ್ನಡ ನಾಲಿಗೆಗೆ ಗೊತ್ತಿತ್ತು, ಕಣ್ಣಿಗೆ ಗೊತ್ತಿರಲಿಲ್ಲ. ಚೌಕಾಸಿ ನನಗೆ ಕೈಹಿಡಿದ ವಿದ್ಯೆ. ಎರಡು ಕಡೆಯವರನ್ನೂ ಕೂರಿಸಿ, ಇವನಿಂದ ಸ್ವಲ್ಪ ಬಿಡಿಸಿ, ಅವನಿಂದ ಸ್ವಲ್ಪ ಬಿಡಿಸಿ, ನಡುವೆ ಒಂದು ಮಾತಿಗೆ ತಂದು ನಿಲ್ಲಿಸುವುದು. ಹಾಗಾಗಿ ಗೋಡೆಯ ಜಗಳ, ನೀರಿನ ಜಗಳ, ಮುರಿದ ಸಂಬಂಧ, ಎಲ್ಲಕ್ಕೂ ನನ್ನನ್ನೇ ಕರೆಯುತ್ತಿದ್ದರು. ಇದನ್ನು ಹೆಚ್ಚುಗಾರಿಕೆಗೆ ಹೇಳುತ್ತಿಲ್ಲ. ಅಕ್ಕನ ಮಾತು ಹೇಳಬೇಕಾದರೆ ನನ್ನ ಈ ಜಾಣತನದ ಮಾತೂ ಬರಲೇಬೇಕು.

ಅಕ್ಕನ ಕೆಲಸ ಗಂಟು ಹಾಕುವುದು. ಮಗ್ಗದಲ್ಲಿ ಒಂದು ಹಾಸು ಮುಗಿಯುತ್ತಾ ಬಂದಾಗ ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯದರ ತುದಿಗೆ ಕೂಡಿಸಬೇಕು. ಸಾವಿರಾರು ಎಳೆ. ಗಂಟು ದಪ್ಪವಾದರೆ ಹಣಿಗೆಯ ಸಂದಿನಲ್ಲಿ ಸಿಕ್ಕಿ ಎಳೆ ಕಡಿಯುತ್ತದೆ, ಸಡಿಲವಾದರೆ ನಾಲ್ಕು ಮೊಳ ನೇಯುವುದರೊಳಗೆ ಬಿಚ್ಚಿಕೊಳ್ಳುತ್ತದೆ. ಅಕ್ಕ ಹಾಕಿದ ಗಂಟು ಕಣ್ಣಿಗೂ ಕಾಣದು, ಬಿಚ್ಚಿಯೂ ಹೋಗದು. ಬೇರೆಯವರು ಹಾಕಿದ್ದನ್ನು ಹೆಬ್ಬೆರಳಲ್ಲಿ ಸವರಿ, "ಇದು ಮೂಲೆಮನೆಯವಳು ಹಾಕಿದ್ದು, ಗಂಡನ ಹತ್ರ ಜಗಳ ಆಡಿಕೊಂಡು ಹಾಕವ್ಳೆ" ಎನ್ನುತ್ತಿದ್ದಳು. ವಿಚಾರಿಸಿದರೆ ಜಗಳ ಆಗಿಯೇ ಇರುತ್ತಿತ್ತು.

ನನ್ನ ಚೌಕಾಸಿ ಅವಳ ಹತ್ತಿರ ನಡೆಯುತ್ತಿರಲಿಲ್ಲ. ಕೂಲಿ ಇಷ್ಟು ಎಂದು ಒಂದು ಸಲ ಹೇಳಿದರೆ ಮುಗಿಯಿತು. ನಾನು ಎಷ್ಟು ಮಾತಾಡಿದರೂ ಸುಮ್ಮನೆ ಕೇಳಿಸಿಕೊಂಡು, ಕೊನೆಗೆ ಒಂದು ಲೋಟ ನೀರುಮಜ್ಜಿಗೆ ಕೊಟ್ಟು, "ಮಾತಾಡಿ ಮಾತಾಡಿ ಬಾಯಿ ಒಣಗ್ಯದೆ ತಂಬಿ, ಕುಡಿ. ಕುಡ್ದು ನಾನು ಹೇಳಿದ್ದು ಕೊಡು" ಎನ್ನುತ್ತಿದ್ದಳು. "ನೀನು ಚೌಡಮ್ಮನ ಮುಂದೆ ಹೋಗಿ ನಿಂತ್ರೂ ಅರ್ಧ ತೆಂಗಿನಕಾಯಿಗೆ ವರ ಕೇಳೋ ಆಸಾಮಿ" ಎಂದು ಬೀದಿಗೆಲ್ಲ ಕೇಳುವ ಹಾಗೆ ಹಂಗಿಸುತ್ತಿದ್ದಳು.

ಅವಳ ಗಂಡ, ನಾನು ಬಾವ ಎನ್ನುತ್ತಿದ್ದವರು, ಮಾತೇ ಆಡದ ಮನುಷ್ಯ. ಮಗ್ಗದ ಗುಳಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಲಾಳಿಯ ಸದ್ದೇ ಅವರ ಮಾತು. ಹೆಂಡತಿಯನ್ನು ಕರೆಯಬೇಕಾದರೆ ಹಲಗೆಯನ್ನು ತಟ್ಟುತ್ತಿದ್ದರು. ಎರಡು ಸಲ ತಟ್ಟಿದರೆ ನೀರು. ಮೂರು ಸಲ ತಟ್ಟಿದರೆ ಎಳೆ ಕಡಿದಿದೆ, ಬಾ. ಒಂದೇ ಸಲ ತಟ್ಟಿದರೆ ಏನೆಂದು ಅಕ್ಕನನ್ನು ಕೇಳಿದ್ದೆ. "ಏನೂ ಇಲ್ಲೆ. ಇದ್ದೀಯಾ ಅಂತ ಕೇಳೋದು" ಎಂದಳು. ಆಗ ಅವಳ ಮುಖ ನೋಡಬೇಕಿತ್ತು.

ಒಬ್ಬಳೇ ಮಗಳು. ಹತ್ತನೇ ತರಗತಿ ಮುಗಿಸಿ ದಿನಾ ಬಸ್ಸಿನಲ್ಲಿ ಪೊಳ್ಳಾಚಿಗೆ ಹೋಗಿ ಟೈಪಿಂಗ್ ಕಲಿಯುತ್ತಿದ್ದಳು. ಎಂಬತ್ತರ ದಶಕದಲ್ಲಿ ನಮ್ಮ ಕಡೆಯ ಹುಡುಗಿಗೆ ಅದು ದೊಡ್ಡ ಸಂಗತಿ. ಅವಳ ಹಿಂದೆ ಒಬ್ಬ ಬಿದ್ದ. ಹೊರಗಿನವನಲ್ಲ, ನಮ್ಮವನೇ. ನಮಗೆಲ್ಲ ನೂಲು ಕೊಡುತ್ತಿದ್ದ ಯಜಮಾನರ ತಂಗಿಯ ಮಗ. ಕೊಯಮತ್ತೂರಿನ ಗಣಪತಿ ಬಡಾವಣೆಯ ಪಂಪು ಕಾರ್ಖಾನೆಯೊಂದರಲ್ಲಿ ಸ್ವಲ್ಪ ದಿನ ಕೆಲಸ ಮಾಡಿ, ಬಿಟ್ಟು ಬಂದು, ಮಾವನ ಮೋಟಾರ್ ಸೈಕಲ್ ಹತ್ತಿ ತಿರುಗುತ್ತಿದ್ದ. ಮದುವೆಗೆ ಕೇಳಿಸಿದ್ದ. ಹುಡುಗಿ ಒಲ್ಲೆ ಎಂದಳು, ಬಾವನೂ ಬೇಡ ಎಂದು ತಲೆಯಾಡಿಸಿದರು. ಅಲ್ಲಿಗೆ ಮುಗಿಯಬೇಕಿತ್ತು.

ಮುಗಿಯಲಿಲ್ಲ. ಬಸ್ಸಿನ ಹಿಂದೆ ಬರುವುದು, ಕ್ಲಾಸಿನ ಮೆಟ್ಟಿಲ ಕೆಳಗೆ ನಿಲ್ಲುವುದು, ಮನೆಯ ಜಗುಲಿತಿಣ್ಣೆಯ ಎದುರಿಗೆ ಗಾಡಿ ನಿಲ್ಲಿಸಿಕೊಂಡು ನೋಡುತ್ತಾ ಕೂರುವುದು. ಅಕ್ಕನಿಗೆ ಓದು ಬರಹ ಬಾರದು. ಅವಳು ಒಂದು ಬಿಳಿ ನೂಲು ತೆಗೆದುಕೊಂಡಳು. ಅವನು ಹಿಂದೆ ಬಂದ ದಿನಕ್ಕೆ ಒಂದು ಗಂಟು. ಕೆಟ್ಟ ಮಾತಾಡಿದ ದಿನದ ಗಂಟಿಗೆ ಒಂದು ನೀಲಿ ಎಳೆಯ ತುಣುಕು ಸೇರಿಸಿದಳು. ಕೈ ಹಿಡಿದು ಎಳೆದ ದಿನಕ್ಕೂ, ಜೀವ ತೆಗೀತೀನಿ ಎಂದ ದಿನಕ್ಕೂ ಕೆಂಪು. ನಮಗೆ ತಿಂಗಳು ಗೊತ್ತಾಗುವುದೇ ಮಗ್ಗ ನಿಲ್ಲುವ ಅಮಾವಾಸ್ಯೆಯಿಂದ. ಅಮಾವಾಸ್ಯೆ ಬಂದಾಗಲೆಲ್ಲ ಒಂದು ಜೋಡಿಗಂಟು, ಗಂಟಿಲ್ಲದ ದಿನಕ್ಕೆ ಒಂದು ಬೆರಳಗಲ ಬರಿಯ ನೂಲು. ಸೊಂಟಕ್ಕೆ ಸಿಕ್ಕಿಸಿಕೊಂಡ ಆ ನೂಲು ಉದ್ದವಾಗುತ್ತಾ ಹೋಯಿತು.

ನೂಲು ಹಿಡಿದು ಠಾಣೆಗೂ ಹೋದಳು. ಅಲ್ಲಿದ್ದವನು ನಕ್ಕನಂತೆ. "ರಸ್ತೆ ಸರ್ಕಾರದ್ದು ಅಮ್ಮಾ. ಹಿಂದೆ ಬಂದ ಅಂತ ಯಾರನ್ನ ಹಿಡಿಯೋದು? ಬೇಕಾದ್ರೆ ಹುಡುಗಿನ ಮನೇಲಿ ಇರಿಸಿಕೊ" ಎಂದನಂತೆ. ಕೈ ಎಳೆದದ್ದು, ಕೊಲ್ಲುವೆನೆಂದು ಹೆದರಿಸಿದ್ದು ಆಗಲೂ ಅಪರಾಧವೇ. ಕೇಳುವವರಿರಲಿಲ್ಲ, ಅಷ್ಟೆ. ಬೀದಿಯ ಹೆಂಗಸರು ಬೇರೆ ದಾರಿ ಹೇಳಿದರು. ಆನೈಮಲೈಗೆ ಹೋಗು, ಮಾಸಾಣಿಯಮ್ಮನ ಕಲ್ಲಿಗೆ ಮೆಣಸಿನಕಾಯಿ ಅರೆದು ಹಚ್ಚಿ ಬಾ, ಅನ್ಯಾಯ ಮಾಡಿದವನು ಉರಿದುಹೋಗಲಿ, ಎಂದು. ಅಕ್ಕ, "ಮೆಣಸಿನಕಾಯಿ ಅರೆದ್ರೆ ಅಮ್ಮನಿಗೆ ತಾನೆ ಗೊತ್ತಾಗೋದು? ಅಮ್ಮನಿಗೆ ಆಗ್ಲೇ ಗೊತ್ತದೆ. ಗೊತ್ತಾಗ್ಬೇಕಾದ್ದು ಪೊಲೀಸಿಗೆ" ಎಂದಳು. ಆಮೇಲೆ, "ಮೆಣಸಿನಕಾಯಿ ಸಾರಿಗೆ ಬೇಕು" ಎಂದೂ ಸೇರಿಸಿದಳು.

ಆಗ ನನ್ನ ಪ್ರವೇಶ. ನೂಲಿನ ಯಜಮಾನರೇ ಹೇಳಿ ಕಳಿಸಿದ್ದರು: ಕುಲದ ಮಾತು ಕುಲದೊಳಗೇ ಮುಗಿಯಲಿ, ನೀನು ಮಾತಾಡಿಸು. ನಾನು ಅಕ್ಕನ ತಿಣ್ಣೆಯ ಮೇಲೆ ಕೂತು ನನ್ನ ವಿದ್ಯೆಯನ್ನೆಲ್ಲ ಬಿಚ್ಚಿದೆ. ಹುಡುಗಿಯ ಹೆಸರು ಕೋರ್ಟು ಕಚೇರಿಯಲ್ಲಿ ಬಿದ್ದರೆ ನಾಳೆ ಯಾರು ಬರುತ್ತಾರೆ? ಅವನಿಂದ ಚೌಡಮ್ಮನ ಮುಂದೆ ಸತ್ಯ ಮಾಡಿಸೋಣ. ನೀನು ದೂರು ಬಿಡು. ಅವನು ಬೀದಿ ಬಿಡಲಿ.

"ಕೊಲ್ತೀನಿ ಅಂದವ್ನೆ ತಂಬಿ."

"ಅದು ಬಾಯಿಮಾತು ಅಕ್ಕ. ಸಿಟ್ಟಲ್ಲಿ ಅಂದಿರ್ತಾನೆ."

"ಐದು ಸಲ ಅಂದವ್ನೆ. ಸಿಟ್ಟು ಐದು ಸಲ ಒಂದೇ ಮಾತು ಆಡ್ತದಾ?"

ಆದರೂ ಒಪ್ಪಿಸಿದೆ. ಎದುರಿನವರ ಪ್ರಶ್ನೆಗೆ ಉತ್ತರ ಕೊಡದೆಯೇ ಅವರನ್ನು ಒಪ್ಪಿಸುವುದು ನಮ್ಮ ಕಸುಬಿನ ಮೊದಲ ಪಾಠ. ಬಾವ ಮಾತ್ರ ಮಗ್ಗದೊಳಗಿಂದ ಒಂದೇ ಸಲ ಹಲಗೆ ತಟ್ಟಿದರು. ಅಕ್ಕ ಒಳಗೆ ನೋಡಿ, "ಇದ್ದೀನಿ" ಎಂದಳು.

ಗುಡಿಯ ಮುಂದೆ ಐದು ಜನ ದೊಡ್ಡವರು ಕೂತರು. ಅವನು ಉರಿಯುವ ಕರ್ಪೂರವನ್ನು ಅಂಗೈಯಿಂದ ಒತ್ತಿ ಆರಿಸಿ, ಇನ್ನು ಆ ಹುಡುಗಿಯ ದಾರಿಗೆ ಬರುವುದಿಲ್ಲ ಎಂದು ಸತ್ಯ ಮಾಡಿದ. ನಮ್ಮಲ್ಲಿ ಕರ್ಪೂರ ಆರಿಸಿದರೆ ಮುಗಿಯಿತು, ಅದಕ್ಕಿಂತ ದೊಡ್ಡ ಕಾಗದವಿಲ್ಲ ಎಂದು ನಾವೆಲ್ಲ ನಂಬಿದ್ದೆವು. ಕರ್ಪೂರ ಆರುವಾಗ ಅಕ್ಕ ತಲೆ ತಗ್ಗಿಸಿಕೊಂಡು ಮಡಿಲಲ್ಲಿ ಏನೋ ಬೆರಳಾಡಿಸುತ್ತಿದ್ದಳು. ಹೆಂಗಸು, ಸಂಕಟದಲ್ಲಿ ಸೆರಗು ಹೊಸೆಯುತ್ತಿದ್ದಾಳೆ ಎಂದುಕೊಂಡೆ. ಆಮೇಲೆ ದೊಡ್ಡವರೊಬ್ಬರು, "ಸತ್ಯ ಆಯ್ತಲ್ಲ, ಇನ್ನು ಆ ಗಂಟಿನ ನೂಲು ಯಾಕೆ? ಕೊಡಮ್ಮ, ಸುಟ್ಟುಬಿಡೋಣ" ಎಂದರು. ಅಕ್ಕ ಅದನ್ನು ತೆಗೆದು ನನ್ನ ಕೈಗೆ ಕೊಟ್ಟಳು. ನಾನು, "ಮನೆಗೆ ಹೋಗಿ ಸುಡ್ತೀನಿ" ಎಂದು ಜೇಬಿಗೆ ಹಾಕಿಕೊಂಡೆ.

ಸುಡಲಿಲ್ಲ. ಅದರಲ್ಲಿ ದೊಡ್ಡ ಉದ್ದೇಶವೇನೂ ಇರಲಿಲ್ಲ. ಒಳ್ಳೆಯ ಗಟ್ಟಿ ನೂಲು, ಸುಟ್ಟರೆ ಯಾರಿಗೆ ಬಂತು ಎಂದು ಮಾದರಿ ಸೀರೆಗಳ ಮೂಟೆಗೆ ಕಟ್ಟಿಬಿಟ್ಟೆ.

ಒಂದೂವರೆ ತಿಂಗಳು ಬೀದಿ ತಣ್ಣಗಿತ್ತು. ಎಲ್ಲರೂ ನನ್ನ ಬೆನ್ನು ತಟ್ಟಿದರು. ಆಮೇಲೆ ಒಂದು ಸಂಜೆ, ಮಗಳನ್ನು ಕರೆತರಲು ಬಾವ ಎಂದಿನಂತೆ ಕೊಡೆ ಹಿಡಿದು ಬಸ್ ಸ್ಟಾಪಿಗೆ ಹೋದರು. ಅಕ್ಕನೂ ಜೊತೆಗಿದ್ದಳು. ಹುಡುಗಿ ಬಸ್ಸಿಳಿದ ತಕ್ಷಣ ಅವನು ಬಂದು ಅವಳ ಕೈ ಹಿಡಿದ. ಬಾವ ನಡುವೆ ಬಂದು ನಿಂತರು, ಅಷ್ಟೆ. ಹೊಡೆಯಲೂ ಇಲ್ಲ, ಬೈಯಲೂ ಇಲ್ಲ. ಅವನು ಗಾಡಿಯಿಂದ, ಟವೆಲಿನಲ್ಲಿ ಸುತ್ತಿಟ್ಟಿದ್ದ ಕಬ್ಬಿಣದ ತುಂಡನ್ನು ತೆಗೆದು ಅವರ ತಲೆಗೆ ಹೊಡೆದ. ಕೊಯಮತ್ತೂರಿನ ಆಸ್ಪತ್ರೆಯಲ್ಲಿ ಮೂರನೇ ದಿನ ಬಾವ ಹೋದರು.

ಸಾವಿನ ಮನೆಯಲ್ಲಿ ಬಾಗಿಲ ಬಳಿ ನಿಂತಿದ್ದ ನನ್ನನ್ನು ನೋಡಿ ಅಕ್ಕ ಯಾರಿಗೋ, "ತಂಬಿಗೆ ಕೂರೋಕೆ ಚಾಪೆ ಕೊಡಿ" ಎಂದಳು. ಅಲ್ಲಿಯವರೆಗೆ ಯಾರ ಚೌಕಾಸಿಗೂ ಬಗ್ಗದ ನನ್ನ ತಲೆಯನ್ನು ಆ ಚಾಪೆಯ ಮೇಲೆ ಕೂತ ಮೇಲೆ ಎತ್ತಲಾಗಲಿಲ್ಲ.

ಕೇಸು ನಡೆಯಿತು. ಸರ್ಕಾರದ ಕಡೆಯ ವಕೀಲರು ಅಕ್ಕನಿಗೆ ಬಿಡಿಸಿ ಹೇಳಿದರು. ಹೊಡೆದದ್ದನ್ನು ನಾಲ್ಕು ಜನ ಕಂಡಿದ್ದಾರೆ, ಅದರಲ್ಲಿ ತಕರಾರಿಲ್ಲ. ಆದರೆ ಎದುರಿನ ಕಡೆಯವರು ಹೇಳುವುದು, ಇದು ಆ ಗಳಿಗೆಯ ಜಗಳ, ತಳ್ಳಾಟದಲ್ಲಿ ರಸ್ತೆ ಬದಿ ಸಿಕ್ಕಿದ್ದನ್ನು ಎತ್ತಿ ಹೊಡೆದ, ಕೊಲ್ಲುವ ಉದ್ದೇಶವಿರಲಿಲ್ಲ, ಹುಡುಗಿಗೂ ಅವನಿಗೂ ಮೊದಲೇ ಸಲಿಗೆ ಇತ್ತು. ಅದು ನಿಂತರೆ ಕೊಲೆಯ ಅಪರಾಧ ಇಳಿದುಹೋಗುತ್ತದೆ, ಕೆಲವೇ ವರ್ಷಕ್ಕೆ ಹೊರಗೆ ಬರುತ್ತಾನೆ. ಮೊದಲಿನಿಂದ ಬೆನ್ನು ಹತ್ತಿದ್ದ, ಹೆದರಿಸಿದ್ದ ಎನ್ನುವುದಕ್ಕೆ ಏನಾದರೂ ಇದೆಯಾ?

"ಇತ್ತು. ಸುಟ್ಟೋಯ್ತು" ಎಂದಳಂತೆ ಅಕ್ಕ. ಮನೆಗೆ ಬಂದು ಬೀದಿಯವರ ಮುಂದೆ, "ಅವನು ಬೇಗ ಬಂದ್ರೆ ಮತ್ತೆ ಎಲ್ಲಿಗೆ ಬರ್ತಾನೆ? ಈ ತಿಣ್ಣೆ ಮುಂದಕ್ಕೇ ಬರ್ತಾನೆ. ನನ್ ಮಗಳು ಆಗ ಎಲ್ಲಿಗೋಗ್ಬೇಕು?" ಎಂದು ಕೇಳಿದ್ದು ನನ್ನ ಕಿವಿಗೂ ಬಿತ್ತು.

ನೂಲು ನನ್ನ ಅಂಗಡಿಯಲ್ಲಿತ್ತು. ದಿನಾ ಬೆಳಿಗ್ಗೆ ಅದನ್ನೇ ಬಿಚ್ಚಿ, ಸಂಜೆ ಅದನ್ನೇ ಕಟ್ಟುತ್ತಿದ್ದೆ. ಹೊರಗೆ ತೆಗೆದರೆ, ಎಲ್ಲ ಗೊತ್ತಿದ್ದೂ ರಾಜಿ ಮಾಡಿಸಿದವನು ನಾನೇ ಎಂದು ಕೋರ್ಟಿನಲ್ಲಿ ನಿಂತು ಹೇಳಬೇಕು. ನೂಲು ಕೊಡುವ ಯಜಮಾನರನ್ನು ಎದುರು ಹಾಕಿಕೊಳ್ಳಬೇಕು. ಎಂಟು ದಿನ ಸುಮ್ಮನಿದ್ದೆ. ಒಳ್ಳೆಯವನ ಹಾಗೆ ಬರೆದುಕೊಳ್ಳಬಹುದಿತ್ತು, ಆದರೆ ಎಂಟು ದಿನ ಸುಮ್ಮನಿದ್ದದ್ದು ನಿಜ. ಒಂಬತ್ತನೇ ದಿನ ಬೆಳಿಗ್ಗೆ ಅಂಗಡಿ ತೆಗೆಯುವಾಗ ಅಕ್ಕ ಮಗಳ ಜೊತೆ ಬಸ್ ಸ್ಟಾಪಿಗೆ ಹೋಗುತ್ತಿದ್ದಳು. ಹುಡುಗಿ ಮತ್ತೆ ಟೈಪಿಂಗಿಗೆ ಹೊರಟಿದ್ದಳು. ಅಕ್ಕನ ಕೈಯಲ್ಲಿ ಬಾವನ ಕೊಡೆ. ಮಳೆಯಿಲ್ಲ, ಬಿಸಿಲಿಲ್ಲ. ಮಡಿಸಿದ ಕೊಡೆಯನ್ನು ಎದೆಗೆ ಅಪ್ಪಿ ಹಿಡಿದು ಮಗಳಿಗಿಂತ ಅರ್ಧ ಹೆಜ್ಜೆ ಹಿಂದೆ ನಡೆಯುತ್ತಿದ್ದಳು.

ಅಂದು ಮಧ್ಯಾಹ್ನ ಮೂಟೆ ಬಿಚ್ಚಿ ನೂಲು ತೆಗೆದುಕೊಂಡು ಹೋದೆ. ಅಕ್ಕ ಅದನ್ನು ಮಡಿಲಿಗೆ ಹಾಕಿಕೊಂಡು, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸವರಿದಳು.

"ಸುಡ್ಲಿಲ್ವಾ?"

"ಮೂಟೆ ಕಟ್ಟಿದ್ದೆ."

ಬಾವ ಹೋದ ಮೇಲೆ ಮೊದಲ ಸಲ ಅವಳ ಮುಖದಲ್ಲಿ ನಗು ಕಂಡಿತು. "ನಿನ್ ಕಂಜೂಸುತನಕ್ಕೆ ನೂರು ವರ್ಷ ಆಯಸ್ಸು ತಂಬಿ" ಎಂದಳು. "ಒಂದು ಗಂಟೂ ಜಾರಿಲ್ಲ ನೋಡು."

ನಾನು ಸಾಕ್ಷಿ ಹೇಳಿದೆ. ಎದುರಿನ ವಕೀಲರು, ಇದನ್ನು ಸಾವಾದ ಮೇಲೆ ಕೂತು ಕಟ್ಟಿದ್ದಾರೆ ಎಂದರು. ಇಲ್ಲ, ಸತ್ಯ ಮಾಡಿದ ದಿನವೇ ಇದು ನನ್ನ ಕೈಗೆ ಬಂತು, ಸಾವು ಆದದ್ದು ಒಂದೂವರೆ ತಿಂಗಳ ಮೇಲೆ, ಅಲ್ಲಿಂದ ಇಲ್ಲಿಯವರೆಗೆ ನನ್ನ ಅಂಗಡಿಯಲ್ಲೇ ಇತ್ತು ಎಂದೆ. ಸುಡಬೇಕಾದ್ದನ್ನು ಯಾಕೆ ಇಟ್ಟುಕೊಂಡೆ ಎಂದು ಕೇಳಿದರು. "ಒಳ್ಳೇ ನೂಲು ಸ್ವಾಮಿ, ಬಿಸಾಡಲು ಮನಸ್ಸಾಗಲಿಲ್ಲ" ಎಂದೆ. ಕೋರ್ಟು ನಕ್ಕಿತು. ನಗಲಿ. ನನ್ನ ಜೀವಮಾನದಲ್ಲಿ ಒಂದು ಪೈಸೆ ಬಿಡಿಸದೆ ಹೇಳಿದ ಮಾತು ಅದೊಂದೇ.

ನನ್ನದು ಮುಗಿದು ನಾನು ಹಿಂದೆ ಕೂತ ಮೇಲೆ ಅಕ್ಕನನ್ನು ಕರೆದರು. ನೂಲು ದಾಖಲೆಯಾಗುವುದಿಲ್ಲ ಎಂದು ವಕೀಲರು ಎದ್ದರು. ಜಡ್ಜು, ದಾಖಲೆಯ ಮಾತು ಹಾಗಿರಲಿ, ಕೈಯಲ್ಲಿ ಹಿಡಿದುಕೊಂಡು ನೆನಪು ಮಾಡಿಕೊಳ್ಳಲಿ ಎಂದರು. ವಕೀಲರು ಪರೀಕ್ಷೆ ಮಾಡುವವರಂತೆ, "ಮೂರನೇ ಕೆಂಪು ಗಂಟು ಯಾವ ದಿನ?" ಎಂದರು.

ಅಕ್ಕ ಮೂರನೇ ಕೆಂಪನ್ನು ಹುಡುಕಿ ಹಿಡಿದು, ಕಣ್ಣು ಮುಚ್ಚಿ, ಅದರ ಹಿಂದಿನ ಜೋಡಿಗಂಟಿನವರೆಗೆ ಬೆರಳು ಓಡಿಸಿದಳು. "ತೈ ತಿಂಗಳ ಅಮಾವಾಸ್ಯೆ ಆದ ಆರನೇ ದಿನ. ಬುಧವಾರ. ಬೆಳಿಗ್ಗೆ. ನಮ್ ತಿಣ್ಣೆ ಮುಂದೆ ನಿಂತ್ಕೊಂಡು ನನ್ ಕಿವಿಗೇ ಬೀಳೋ ಹಾಗೆ ಹೇಳ್ದ." ಅವಳು ಹೇಳುತ್ತಿದ್ದದ್ದು ತಮಿಳಿನಲ್ಲಿ, ಅಲ್ಲಲ್ಲಿ ಮನೆಯ ಕನ್ನಡ ಇಣುಕುತ್ತಿತ್ತು. "ನಿನ್ ಗಂಡ ಎಷ್ಟು ದಿನ ಕೊಡೆ ಹಿಡ್ಕೊಂಡು ಬರ್ತಾನೆ? ಒಂದಿನ ಬಸ್ ಸ್ಟಾಪಲ್ಲೇ ಅವನ ತಲೆ ಒಡೀತೀನಿ, ಅಂದ."

ಕೋರ್ಟಿನ ಗುಮಾಸ್ತರು ಹೋದ ವರ್ಷದ ಪಂಚಾಂಗ ತರಿಸಿ ನೋಡಿದರು. ಬುಧವಾರವೇ. ವಕೀಲರು ಇನ್ನೂ ನಾಲ್ಕು ಗಂಟು ಕೇಳಿದರು. ನಾಲ್ಕಕ್ಕೂ ವಾರ ಸರಿಹೋಯಿತು. ಅವನ ಟವೆಲಿನಲ್ಲಿದ್ದದ್ದು ರಸ್ತೆ ಬದಿ ಸಿಗುವ ವಸ್ತುವೇ ಅಲ್ಲ, ಪಂಪಿನೊಳಗಿನ ಶಾಫ್ಟಿನ ತುಂಡು ಎಂದು ಅವನು ಹಿಂದೆ ದುಡಿದಿದ್ದ ಕಾರ್ಖಾನೆಯ ಕೆಲಸಗಾರರೊಬ್ಬರು ಮೊದಲೇ ಹೇಳಿದ್ದರು.

ಕೊನೆಗೆ ವಕೀಲರು ನೂಲಿನ ತುದಿ ತೋರಿಸಿದರು. "ಇಲ್ಲಿ ಒಂದು ಹಳದಿ ಇದೆಯಲ್ಲ. ನೀನು ಹೇಳಿದ್ದು ಬಿಳಿ, ನೀಲಿ, ಕೆಂಪು. ಇದು ಯಾವ ಲೆಕ್ಕ?"

ನಾನೂ ಅದನ್ನು ಗಮನಿಸಿರಲಿಲ್ಲ. ಅಷ್ಟು ದಿನ ಆ ನೂಲಿನಲ್ಲಿ ಮೂಟೆ ಕಟ್ಟಿದ್ದೆ.

ಅಕ್ಕ ನಾನು ಕೂತ ಕಡೆ ನೋಡದೆ ಹೇಳಿದಳು. "ಅದು ನಮ್ಮವರು ರಾಜಿ ಮಾಡಿಸಿದ ದಿನ. ಕರ್ಪೂರ ಆರಿಸೋವಾಗ ಕಟ್ಟಿದ್ದು."

"ಅದಕ್ಕೆ ಯಾಕೆ ಹಳದಿ?"

"ಅವ್ರು ಒಳ್ಳೇದಕ್ಕೇ ಮಾಡಿದ್ರು ಸ್ವಾಮಿ. ಕೆಂಪು ಹಾಕೋಕೆ ಮನಸ್ಸು ಬರಲಿಲ್ಲ. ಆದ್ರೆ ಗಂಟು ಹಾಕದೆ ಇರೋಕೂ ಆಗಲಿಲ್ಲ."

ಇದು ಗಳಿಗೆಯ ಸಿಟ್ಟಲ್ಲ, ಹೇಳಿ ಮಾಡಿದ ಕೊಲೆ ಎಂದು ಕೋರ್ಟು ತೀರ್ಮಾನ ಮಾಡಿತು. ಜೀವಾವಧಿ. ತೀರ್ಪಿನ ದಿನ ಅಕ್ಕ ಸಂತೋಷಪಡಲಿಲ್ಲ. ಹೊರಗೆ ಮರದ ಕೆಳಗೆ ಅವನ ತಾಯಿ ಒಬ್ಬಳೇ ಕುಸಿದು ಕೂತಿದ್ದಳು. ಅಕ್ಕ ತನ್ನ ನೀರಿನ ಚೆಂಬನ್ನು ಅವಳ ಪಕ್ಕ ಇಟ್ಟು ಬಂದಳು. ಚೆಂಬು ವಾಪಸ್ಸು ತರಲಿಲ್ಲ. ಹುಡುಗಿ ಆಮೇಲೆ ಟೈಪಿಂಗ್ ಮುಗಿಸಿ, ಕೆಲಸ ಹಿಡಿದು, ತನಗೆ ಒಪ್ಪಿದವನನ್ನು ಮದುವೆಯಾದಳು. ನನ್ನನ್ನು ಈಗಲೂ ಮಾಮ ಎಂದೇ ಕರೆಯುತ್ತಾಳೆ.

ನನಗೆ ಬುದ್ಧಿ ಹೇಳುವ ಚಟವಿದೆ, ಓದುವವರು ಸಹಿಸಬೇಕು. ಈಗ ಕಾಲ ಬದಲಾಗಿದೆ. ಒಬ್ಬ ಹೆಣ್ಣು ಬೇಡವೆಂದ ಮೇಲೂ ಹಿಂದೆ ಬೀಳುವುದೇ ಅಪರಾಧ ಎಂದು ಕಾನೂನು ಬಂದಿದೆ. ರಸ್ತೆ ಸರ್ಕಾರದ್ದು ಎಂದು ಯಾರೂ ನಗುವ ಹಾಗಿಲ್ಲ. ಯಾವ ದಿನ, ಎಲ್ಲಿ, ಯಾವ ಮಾತು, ಯಾರು ಕೇಳಿಸಿಕೊಂಡರು, ಅಂದಂದೇ ಬರೆದಿಡಿ. ಬರೆಯಲು ಬಾರದಿದ್ದರೆ ಗಂಟು ಹಾಕಿ. ಅಂಗಡಿಗೆ ಈಗಲೂ ಜನ ಬರುತ್ತಾರೆ: ಹುಡುಗ ಒಳ್ಳೆಯ ಮನೆಯವನು, ಏನೋ ಅಂದುಬಿಟ್ಟ, ನೀವು ಕೂರಿಸಿ ಮುಗಿಸಿಕೊಡಿ. ಗೋಡೆಯ ಜಗಳವಾದರೆ ಕೂರುತ್ತೇನೆ. ಇದಕ್ಕೆ ಕೂರುವುದಿಲ್ಲ. ಹುಡುಗಿಯನ್ನು ಕರೆದುಕೊಂಡು ಬನ್ನಿ, ಠಾಣೆಗೆ ನಾನೂ ಬರುತ್ತೇನೆ, ದೂರು ಕೊಟ್ಟ ರಸೀದಿ ಕೈಗೆ ಬರುವವರೆಗೆ ಅಲ್ಲಿಂದ ಏಳುವುದಿಲ್ಲ ಎನ್ನುತ್ತೇನೆ. ಆ ಚೌಕಾಸಿಯಲ್ಲಿ ನಾನು ಇನ್ನೂ ಸೋತಿಲ್ಲ.

ಸಾಕ್ಷಿ ಮುಗಿದ ದಿನದ ಸಂಜೆ ನಾವಿಬ್ಬರೂ ಒಂದೇ ಬಸ್ಸಿನಲ್ಲಿ ಊರಿಗೆ ಬಂದೆವು. ಅಕ್ಕ ಕಿಟಕಿಯ ಕಡೆ ಕೂತಿದ್ದಳು, ಮಡಿಲಲ್ಲಿ ಕೊಡೆ, ಕೊಡೆಯ ಮೇಲೆ ನೂಲು. ಅರ್ಧ ದಾರಿಯವರೆಗೆ ಧೈರ್ಯ ಬರಲಿಲ್ಲ. ಆಮೇಲೆ ಕೇಳಿದೆ.

"ಅಕ್ಕ, ಆ ಹಳದಿ ಒಂದನ್ನ ಬಿಚ್ಚಿಬಿಡ್ತೀಯಾ?"

ಅವಳು ಅದನ್ನು ಹೆಬ್ಬೆರಳಲ್ಲಿ ಒಂದು ಸಲ ಸವರಿದಳು. ಬಿಚ್ಚಲು ನೋಡಿದಳೋ, ಸುಮ್ಮನೆ ಮುಟ್ಟಿದಳೋ ತಿಳಿಯಲಿಲ್ಲ. "ಕಟ್ಟೋದು ಗೊತ್ತು ತಂಬಿ. ಬಿಚ್ಚೋದು ನಾನು ಕಲೀಲೇ ಇಲ್ಲ" ಎಂದಳು. ನೂಲನ್ನು ಸುರುಳಿ ಸುತ್ತಿ ನನ್ನ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾನೇ ಮಡಿಸಿದಳು. "ಇಟ್ಕೋ. ಮೂಟೆ ಕಟ್ಟೋಕೆ ಆಗ್ತದೆ."

ನೂಲು ಇನ್ನೂ ಅಂಗಡಿಯಲ್ಲಿದೆ. ಅದರಲ್ಲಿ ಮತ್ತೆ ಮೂಟೆ ಕಟ್ಟಿಲ್ಲ.